ಒಲ್ಲೆ ಎಂದ ಮರುದಿನ

ಬಾಗಲಗುಂಟೆ, ಬೆಂಗಳೂರು
ಭಾನುವಾರ

ಅಣ್ಣ ಈಶಪ್ಪನಿಗೆ ತಂಗಿ ಶಿವಗಂಗಾ ಮಾಡುವ ಶರಣು.

ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ನಿನ್ನ ಮಗಳು ಶಿವಾನಿ ನನ್ನ ಹತ್ತಿರ ಇದ್ದಾಳೆ. ಆರೋಗ್ಯವಾಗಿದ್ದಾಳೆ. ಬಂದ ದಿನ ಒಂದು ರೊಟ್ಟಿ ಮುಗಿಸಲು ಅರ್ಧ ತಾಸು ತೆಗೆದುಕೊಂಡವಳು ಈಗ ಪಲ್ಲೆಯ ಪಾತ್ರೆಯ ತಳ ಕೆರೆದು ತಿನ್ನುತ್ತಿದ್ದಾಳೆ. ನೀನು ಅಲ್ಲಿ ಕೂತು ಕೆಟ್ಟದ್ದನ್ನೆಲ್ಲ ಯೋಚಿಸಬಾರದೆಂದು ಇದನ್ನು ಮೊದಲ ಸಾಲಿನಲ್ಲೇ ಬರೆದೆ. ನಾನು ಅವಳನ್ನು ವಾಪಸ್ ಕಳಿಸುವುದಿಲ್ಲ ಎನ್ನುವುದನ್ನೂ ಇಲ್ಲೇ ಬರೆಯುತ್ತೇನೆ. ಪತ್ರವನ್ನು ಇಷ್ಟಕ್ಕೇ ಹರಿದು ಎಸೆಯುವುದಾದರೂ ಈ ಎರಡು ಮಾತು ನಿನಗೆ ತಿಳಿದಿರಲಿ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಒದರಲು ಶುರು ಮಾಡಿದರೆ ನನಗೆ ಮಾತು ಹೊರಡುವುದಿಲ್ಲ, ಇದು ಸಣ್ಣಂದಿನಿಂದಲೂ ಹಾಗೆಯೇ. ಮಂಗಳವಾರ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. "ಆ ಸೀರಿಯಲ್ ಜೋಡಿ ನೋಡಿ ನೋಡಿ ನೀ ಕೆಟ್ಟಿ, ಈಗ ನನ್ನ ಮಗಳನ್ನೂ ಕೆಡಿಸಿದಿ. ಯಾಂವ ಅಂವ ಹುಡುಗ? ಹೆಸರ ಹೇಳು, ಮುಂದಿಂದ ನಾ ನೋಡ್ಕೋತೀನಿ" ಅಂದಿದ್ದೀಯ. ಅಷ್ಟು ಹೇಳಿ ನನ್ನ ನಂಬರನ್ನು ಬ್ಲಾಕ್ ಮಾಡಿದೆ. ಪ್ರಶ್ನೆ ಕೇಳಿ ಬಾಗಿಲು ಹಾಕಿಕೊಂಡರೆ ಉತ್ತರ ಎಲ್ಲಿಂದ ಬರಬೇಕು ಅಣ್ಣ? ಅದಕ್ಕೇ ಈ ಕಾಗದ. ನಿನ್ನ ಗೊಬ್ಬರದ ಅಂಗಡಿಯ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಸಹಿ ಹಾಕಿಯೇ ತೆಗೆದುಕೊಳ್ಳಬೇಕು.

ನೀನು ಹೇಳಿದ ಆ ಜೋಡಿಯ ವಿಷಯದಿಂದಲೇ ಶುರು ಮಾಡುತ್ತೇನೆ. ಹೌದು, ನೋಡಿದ್ದೇನೆ. ಒಂದು ದಿನವೂ ತಪ್ಪಿಸದೆ ನೋಡಿದ್ದೇನೆ. ನನಗೆ ಅದರಲ್ಲಿ ನಾಚಿಕೆಯಿಲ್ಲ.

ಐದು ವರ್ಷದ ಹಿಂದೆ ಏಳೂವರೆಗೆ ಬರುತ್ತಿದ್ದ ಧಾರಾವಾಹಿ ಅದು. ನೀನೂ ವೈನಿಯೂ ನೋಡುತ್ತಿದ್ದಿರಿ. ನಿನಗೆ ಅದರ ನಾಯಕ ಸೇರುತ್ತಿದ್ದ. ದೊಡ್ಡ ಕಾರು, ದೊಡ್ಡ ಮನೆ, ಸಿಟ್ಟು ಬಂದರೆ ನಾಯಕಿಯ ಮಣಿಕಟ್ಟು ಹಿಡಿದು ಮದುವೆ ಮಂಟಪದಿಂದಾಗಲಿ ಆಸ್ಪತ್ರೆಯಿಂದಾಗಲಿ ದರದರ ಎಳೆದುಕೊಂಡು ಹೋಗುತ್ತಿದ್ದ. ಹಿಂದೆ ಹಾಡು ಬರುತ್ತಿತ್ತು. "ಗಂಡಸಂದ್ರ ಹಿಂಗಿರಬೇಕು ನೋಡು" ಅಂತ ನೀನು ಫೋನಿನಲ್ಲಿ ನನಗೇ ಹೇಳಿದ್ದೆ. ನಾನು ಹೂಂ ಅಂದಿದ್ದೆ. ನಾನು ನೋಡುತ್ತಿದ್ದದ್ದು ಅವರಿಬ್ಬರನ್ನಲ್ಲ ಎಂದು ನಿನಗೆ ಹೇಗೆ ಗೊತ್ತಾಗಬೇಕು?

ನನ್ನ ಜೋಡಿ ಬೇರೆ. ನಾಯಕಿಯ ಚಿಕ್ಕಪ್ಪ ದಿವಾಕರ, ಅವಳ ಕಾಲೇಜಿನ ಗ್ರಂಥಾಲಯದ ಸುಗುಣ ಮೇಡಂ. ದಿವಾಕರ ಸರ್ವೆಯರ್, ಬಿಸಿಲಿಗೆ ಕಪ್ಪಾದ ಕುತ್ತಿಗೆ, ಮುಂದಲೆಯಲ್ಲಿ ಕೂದಲಿಲ್ಲ. ಸುಗುಣ ನಲವತ್ತರ ಹೆಂಗಸು, ಗಂಡನನ್ನು ಬಿಟ್ಟವಳು, ದಪ್ಪ ಕನ್ನಡಕ, ನೂಲಿನ ಸೀರೆ. ಇಬ್ಬರನ್ನೂ ಯಾರೂ ಪೋಸ್ಟರಿನಲ್ಲಿ ಹಾಕುತ್ತಿರಲಿಲ್ಲ. ದಿನಕ್ಕೆ ಮೂರು ನಿಮಿಷ ಬಂದರೆ ಹೆಚ್ಚು. ಆ ಮೂರು ನಿಮಿಷಕ್ಕಾಗಿ ಈ ವಠಾರದ ಐದು ಹೆಂಗಸರು ನಮ್ಮ ಕೋಣೆಗೆ ಬರುತ್ತಿದ್ದರು. ಟಿವಿ ಯಮುನಾಳದು. ಯಮುನಾ ಗೊತ್ತಲ್ಲ, ನನ್ನ ಜೊತೆ ಹೈಸ್ಕೂಲು ಓದಿದವಳು, ನಾನು ಬೆಂಗಳೂರಿಗೆ ಬಂದಾಗ ತನ್ನ ಕೋಣೆಯಲ್ಲಿ ಜಾಗ ಕೊಟ್ಟವಳು. ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದರೂ "ಬಂದ್ರು ಬಂದ್ರು" ಅಂತ ಅವಳು ಕೂಗಿದರೆ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದೆ.

ಅವರಲ್ಲಿ ಅಂಥಾದ್ದೇನಿತ್ತು ಎಂದು ಕೇಳುತ್ತೀಯ. ಎಲ್ಲರೂ ಎಲ್ಲರನ್ನೂ ಊಟ ಆಯಿತೇ ಎಂದು ಕೇಳುತ್ತಾರೆ, ಕೇಳಿ ಮುಂದೆ ಹೋಗುತ್ತಾರೆ. ದಿವಾಕರ ಕೇಳಿ ನಿಲ್ಲುತ್ತಿದ್ದ. ಅವಳು ಉತ್ತರ ಹೇಳುವವರೆಗೆ ನಿಲ್ಲುತ್ತಿದ್ದ. ಒಂದು ದಿನ ಅವಳು "ಆಗಿಲ್ಲ, ಹಸಿವಿಲ್ಲ, ಅಮ್ಮನ ತಿಥಿ ಇವತ್ತು" ಎಂದಳು. ಅವನು ಸಮಾಧಾನ ಹೇಳಲಿಲ್ಲ, ಪಕ್ಕದ ಕುರ್ಚಿಯಲ್ಲಿ ಕೂತು ಹಳೆಯ ಪುಸ್ತಕಗಳಿಗೆ ರಟ್ಟು ಹಾಕಲು ಗೋಂದು ಹಚ್ಚಿಕೊಟ್ಟ. ಅಷ್ಟೇ ದೃಶ್ಯ. ಯಮುನಾ ಮೂಗು ಒರೆಸಿಕೊಂಡು "ಇದ್ರಾಗ ಅಳೂದೇನೈತಿ, ನನಗ ಯಾಕ ಅಳು ಬರಾಕತ್ತೈತಿ" ಅಂತ ತನ್ನನ್ನೇ ಬೈದುಕೊಂಡಳು.

ಆಮೇಲೆ ಒಂದು ಗುರುವಾರ ಬಂತು. ಬಸ್‌ಸ್ಟಾಪಿನಲ್ಲಿ ದಿವಾಕರ ಅವಳನ್ನು ಕೇಳಿಯೇಬಿಟ್ಟ, ನನ್ನನ್ನು ಮದುವೆಯಾಗುತ್ತೀರಾ ಎಂದು. ಸುಗುಣ ಬಸ್ಸು ಬರುವ ಕಡೆ ನೋಡುತ್ತ "ಇಲ್ಲ" ಎಂದಳು. ಕೋಣೆಯಲ್ಲಿದ್ದವರೆಲ್ಲ ಟಿವಿಯ ಹತ್ತಿರಕ್ಕೆ ಸರಿದೆವು. ಇನ್ನು ಇವನು ಸಿಡಿಲು ಬಡಿದವನಂತೆ ನಿಲ್ಲುತ್ತಾನೆ, ಇಲ್ಲವೆ ಕುಡಿಯಲು ಹೋಗುತ್ತಾನೆ, ಇಲ್ಲವೆ ಅವಳ ಕೈ ಹಿಡಿದು ಎಳೆಯುತ್ತಾನೆ ಎಂದುಕೊಂಡೆವು. ಅವನು "ಸರಿ. ನಿಮ್ಮ ಬಸ್ಸು ಬಂತು, ಹತ್ತಿ" ಎಂದ. ಅವಳು ಹತ್ತಿದಳು. ಬಸ್ಸು ಹೋಯಿತು. ಮರುದಿನದ ಕಂತಿನಲ್ಲಿ ಅವನು ಎಂದಿನಂತೆ ಗ್ರಂಥಾಲಯಕ್ಕೆ ಬಂದು, ತಂದಿದ್ದ ಪುಸ್ತಕ ಹಿಂತಿರುಗಿಸಿ, ಎಂದಿನ ಮುಖದಲ್ಲೇ ಊಟ ಆಯಿತೇ ಎಂದು ಕೇಳಿ, ಎಂದಿನಂತೆ ನಿಂತ.

"ಅಯ್ಯ, ಇಷ್ಟನ? ಏನೂ ಮಾಡ್ಲೇ ಇಲ್ಲಲ್ಲ ಅಂವಾ!" ಎಂದಳು ಯಮುನಾ.

ಎಲ್ಲರೂ ನಕ್ಕರು. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಯಾಕೆಂದು ಇವತ್ತು ನಿನಗೆ ಹೇಳುತ್ತೇನೆ. ಇಷ್ಟು ವರ್ಷ ಹೇಳದೆ ಇದ್ದದ್ದು.

ನನ್ನ ಎಡಗಿವಿ ಅರ್ಧವೇ ಕೇಳುತ್ತದೆ. ಕಾರ್ಖಾನೆಯ ಮಷಿನ್ ಸದ್ದಿಗೆ ಹೀಗಾಯಿತು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಗಂಡನ ಮನೆಯಲ್ಲಿದ್ದ ಮೂರು ವರ್ಷದಲ್ಲಿ ನಾನು ಒಲ್ಲೆ ಎಂದದ್ದು ನಾಲ್ಕೇ ಸಲ. ನಾಲ್ಕೂ ನೆನಪಿವೆ. ಒಂದು ಸಲ ಜ್ವರ ಬಂದಿತ್ತು, ಅವರ ಗೆಳೆಯರು ಎಂಟು ಜನ ಊಟಕ್ಕೆ ಬರುವವರಿದ್ದರು, ನಾನು ಇವತ್ತು ಮಾಡಲೊಲ್ಲೆ, ಖಾನಾವಳಿಯಿಂದ ತರಿಸಿರಿ ಎಂದೆ. ಆವಾಗ ಅವರು ಏನೂ ಅನ್ನಲಿಲ್ಲ. ಊಟ ತರಿಸಿದರು, ಗೆಳೆಯರ ಜೊತೆ ನಕ್ಕು ಉಂಡರು. ಮರುದಿನ ಮುಂಜಾನೆ ಚಹಾ ಕೊಡಲು ಹೋದಾಗ ಹೊಡೆದರು. ಲೋಟ ಕೆಳಗೆ ಬಿದ್ದ ಸದ್ದು ನನಗೆ ಬಲಗಿವಿಯಲ್ಲಿ ಮಾತ್ರ ಕೇಳಿಸಿತು. ಅವತ್ತಿನಿಂದ ನನಗೆ ಗಂಡಸಿನ ಸಿಟ್ಟಿಗಿಂತ ಮರುದಿನದ ಭಯ ಹೆಚ್ಚು.

ನಾನು ಊರಿಗೆ ಬಂದೆ. ನೀನು ಹದಿನೈದು ದಿನ ಇಟ್ಟುಕೊಂಡು, ಬಸ್ಸಿನಲ್ಲಿ ಕೂಡಿಸಿಕೊಂಡು ವಾಪಸ್ ಕರೆದೊಯ್ದೆ. ಅವರ ಪಡಸಾಲೆಯಲ್ಲಿ ಕೂತು "ಸ್ವಲ್ಪ ಹೊಂದ್ಕೊಂಡು ಹೋಗ್ರಿ ಇಬ್ರೂ" ಅಂದೆ. ಇಬ್ಬರೂ ಅಂದೆಯಲ್ಲ ಅಣ್ಣ, ಆ ಮಾತು ನನ್ನನ್ನು ಎಷ್ಟು ಕಾಲ ಸುಟ್ಟಿದೆ ಎಂದು ನಿನಗೆ ಗೊತ್ತಿಲ್ಲ. ನಾನೇ ಬಡಿಸಿದ ಹೋಳಿಗೆ ಉಂಡು, ನನ್ನ ತಲೆ ಸವರಿ, ಮಧ್ಯಾಹ್ನದ ಬಸ್ಸಿಗೆ ಹೋದೆ. ನಿನ್ನ ಕಣ್ಣಲ್ಲಿ ನೀರಿತ್ತು, ನೋಡಿದ್ದೇನೆ. ನಿನಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದು ಯಾವತ್ತೂ ಅಂದುಕೊಂಡಿಲ್ಲ. ಆದರೂ ಬಿಟ್ಟು ಹೋದೆ. ಎಂಟು ತಿಂಗಳ ನಂತರ ನಾನು ಮತ್ತೆ ಮನೆ ಬಿಟ್ಟಾಗ ನಿನ್ನ ಊರಿನ ಬಸ್ಸು ಹತ್ತಲಿಲ್ಲ, ಬೆಂಗಳೂರಿನದು ಹತ್ತಿದೆ.

ನೀನು ಹೇಳುತ್ತೀಯ, ಟಿವಿಯ ಆ ಇಬ್ಬರು ಸಂಬಳಕ್ಕೆ ನಟಿಸುವವರು, ನಿಜವಾಗಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವಂತೆ, ಯೂಟ್ಯೂಬಿನಲ್ಲಿ ಬಂದಿದೆ, ಅದನ್ನು ನಂಬಿ ಬದುಕು ಕಟ್ಟಿಕೊಳ್ಳುತ್ತಾರಾ ಎಂದು. ನನಗೂ ಗೊತ್ತು ಅವರು ನಟರೆಂದು. ನಮ್ಮ ಅಪ್ಪ ಹದಿನೆಂಟು ವರ್ಷ ಬಯಲಾಟದಲ್ಲಿ ರಾಜನ ಪಾರ್ಟು ಮಾಡಲಿಲ್ಲವೆ? ಬೆಳಗಾದರೆ ಅದೇ ಮನುಷ್ಯ ಎಮ್ಮೆ ಮೈ ತೊಳೆಯುತ್ತಿದ್ದ. ಹಾಗಂತ ಆಟ ನೋಡಿದವರು ಯಾರೂ ಇದು ಸುಳ್ಳು ಎನ್ನಲಿಲ್ಲ. ಅಪ್ಪ ಆಟದಲ್ಲಿ ಮಗನನ್ನು ಕಳೆದುಕೊಂಡು ಗೋಳಾಡಿದಾಗ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡಿದ್ದ ನೀನು ಬಿಕ್ಕಿಬಿಕ್ಕಿ ಅತ್ತಿದ್ದೆ. ನಿನ್ನ ಮೈ ಅಲುಗಿ ನಾನು ಬೀಳುವ ಹಾಗಾಗಿತ್ತು. ನಿನ್ನ ಆಟ ಧರ್ಮ, ನನ್ನ ಧಾರಾವಾಹಿ ಹುಚ್ಚೆ? ನನಗೆ ಯಾರೂ ತೋರಿಸದೆ ಇದ್ದದ್ದನ್ನು ಅವರಿಬ್ಬರು ತೋರಿಸಿದರು. ಹೆಣ್ಣು ಒಲ್ಲೆ ಎಂದ ಮರುದಿನವೂ ಸೂರ್ಯ ಹುಟ್ಟಬಹುದು, ಗಂಡಸು ಗಂಡಸಾಗಿಯೇ ಉಳಿಯಬಹುದು, ಚಹಾದ ಲೋಟ ಕೈಯಲ್ಲೇ ಇರಬಹುದು ಎಂದು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಕಂಡೆ. ಮನೆಯಲ್ಲಿ ಕಾಣಲಿಲ್ಲ, ನೆಂಟರಲ್ಲಿ ಕಾಣಲಿಲ್ಲ, ಟಿವಿಯಲ್ಲಿ ಕಂಡೆ. ಅದು ನನ್ನ ತಪ್ಪಲ್ಲ.

ಆ ಜೋಡಿಯನ್ನು ಆಮೇಲೆ ಧಾರಾವಾಹಿಯವರೇ ಕೈಬಿಟ್ಟರು. ದಿವಾಕರನಿಗೆ ವರ್ಗವಾಯಿತು ಎಂದು ಯಾರೋ ಒಬ್ಬರು ಒಂದು ಮಾತು ಹೇಳಿದರು, ಸುಗುಣಳ ಗ್ರಂಥಾಲಯ ಮತ್ತೆ ತೋರಿಸಲೇ ಇಲ್ಲ. ನಾವು ನಾಲ್ಕು ತಿಂಗಳು ಕಾದೆವು. ನಾಯಕ ಇನ್ನೂ ಕೈ ಹಿಡಿದು ಎಳೆಯುತ್ತಲೇ ಇದ್ದ. ಯಮುನಾ ಚಾನೆಲ್ ಬದಲಿಸಿದಳು.

ಈಗ ವೆಂಕಟೇಶಪ್ಪನವರ ವಿಷಯ. ಪೀಣ್ಯದಲ್ಲಿರುವ ನಮ್ಮ ಊರಿನವರು ನಿನಗೆ ಅರ್ಧ ಹೇಳಿದ್ದಾರೆ, ಉಳಿದರ್ಧ ನಾನು ಹೇಳುತ್ತೇನೆ. ಮಾಲೂರು ಕಡೆಯವರು. ನಲವತ್ತು ವರ್ಷ. ಹೆಂಡತಿ ತೀರಿಕೊಂಡು ಏಳು ವರ್ಷವಾಯಿತು. ನಾನು ಕೆಲಸ ಮಾಡುವ ಕಾರ್ಖಾನೆಯಲ್ಲೇ ಉಕ್ಕು ಕಡೆಯುವ ಲೇತ್ ಮಷಿನ್ ಮೇಲೆ ಇದ್ದಾರೆ. ನಮ್ಮ ಜಾತಿಯಲ್ಲ. ಯಾವ ಜಾತಿ ಎಂದು ನೀನು ಕೇಳಬೇಕಾಗಿಲ್ಲ, ನಾನು ಬರೆಯುವುದೂ ಇಲ್ಲ.

ನನ್ನ ಕೆಲಸ ನಿನಗೆ ಗೊತ್ತು. ಅವರಂಥವರು ಮಷಿನ್ ಮೇಲೆ ಮಾಡಿದ, ದಪ್ಪ ಬಳೆಯಂಥ ಉಕ್ಕಿನ ಬುಷ್‌ಗಳನ್ನು ನಾನು ಅಳೆದು ನೋಡಬೇಕು. ಅಳತೆ ತಪ್ಪಿದರೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಡಬೇಕು. ದಿನಕ್ಕೆ ನೂರು ಸಲ ಬೇಡ ಎನ್ನುವುದೇ ನನ್ನ ಉದ್ಯೋಗ. ಶುರುವಿನಲ್ಲಿ ಪ್ರತಿ ಪೀಸನ್ನೂ ಎರಡೆರಡು ಸಲ ಅಳೆಯುತ್ತಿದ್ದೆ. ಕೆಂಪು ಹಚ್ಚಿದರೆ ಗಂಡಸರು ಮೇಜಿಗೆ ಬಂದು ಜಗಳ ಮಾಡುತ್ತಿದ್ದರು. ವೆಂಕಟೇಶಪ್ಪನವರು ಮಾತ್ರ ಜಗಳಕ್ಕೆ ಬಂದವರಲ್ಲ.

ಎರಡು ವರ್ಷದ ಹಿಂದೆ, ಆಯುಧಪೂಜೆಯ ಮಾರನೆಯ ವಾರ, ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಅವರು ನನ್ನನ್ನು ಕೇಳಿದರು. "ಗಂಗಾ ಮೇಡಂ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾವಿಬ್ರೂ ಮದ್ವೆ ಆಗೋಣ್ವಾ?" ಎಂದರು. ನನಗೆ ಅವರೆಂದರೆ ಇಷ್ಟವಿತ್ತು. ಇಷ್ಟವಿದ್ದೂ "ಇಲ್ರಿ, ನಾ ಒಲ್ಲೆ" ಎಂದೆ. ನಿನಗೆ ನಗು ಬರಬಹುದು. ಬೇಕೆಂದೇ ಹೇಳಿದೆ. ನಾನು ಹೌದು ಎಂದರೆ ಅವರು ಹೇಗಿರುತ್ತಾರೆ ಎಂದು ನೋಡಬೇಕಿರಲಿಲ್ಲ, ಹೌದು ಎಂದಾಗ ಎಲ್ಲರೂ ಒಳ್ಳೆಯವರೇ. ನನಗೆ ಅವರ ಮರುದಿನ ನೋಡಬೇಕಿತ್ತು.

ಅವರು ನೆಲ ನೋಡಿದರು. ಮುಖ ಸಣ್ಣದಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ "ಆಯ್ತು ಮೇಡಂ. ಟೀ ಆರೋಗ್ತದೆ, ಕುಡೀರಿ" ಎಂದರು.

ಮರುದಿನ ನಾನು ಕೆಲಸಕ್ಕೆ ಹೋದೆ. ಅವರು ಎಂದಿನಂತೆ ಟ್ರೇ ತಂದಿಟ್ಟು "ನಮಸ್ಕಾರ ಮೇಡಂ" ಎಂದು ಹೋದರು. ಮೂರನೆಯ ದಿನ, ಮೂರನೆಯ ವಾರ, ಹಾಗೆಯೇ. ಯಾರ ಹತ್ತಿರವೂ ಒಂದು ಮಾತು ಆಡಲಿಲ್ಲ. ಟೀ ಅಂಗಡಿಯ ಹುಡುಗರು ನನ್ನನ್ನು ನೋಡಿ ನಗಲಿಲ್ಲ, ಅಂದರೆ ಅಲ್ಲಿಯೂ ಹೇಳಿಲ್ಲ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರ ಮಷಿನ್ನಿನಿಂದ ಬಂದ ಮಾಲು ಪೂರ್ತಿ ಅಳತೆ ತಪ್ಪಿತ್ತು. ಇನ್ನೂರ ನಲವತ್ತು ಪೀಸು. ನಾನು ಮೂರು ಸಲ ಅಳೆದೆ. ಕೆಂಪು ಹಚ್ಚಿದರೆ ಟೀ ಅಂಗಡಿಯ ಮಾತಿನ ಸೇಡು ಎಂದು ಅವರು ಅಂದುಕೊಳ್ಳುತ್ತಾರೆ, ಹಚ್ಚದಿದ್ದರೆ ನನ್ನ ಕೆಲಸಕ್ಕೆ ದ್ರೋಹ. ಹಚ್ಚಿದೆ. ಸೂಪರ್‌ವೈಸರ್ ಎಲ್ಲರ ಮುಂದೆ ಅವರನ್ನು ಬೈದ. ಪಕ್ಕದ ಮಷಿನ್ನಿನವನು "ಮೇಡಂ ಬೇಕಂತ ಮಾಡಿರ್ತಾರೆ ಗುರು" ಎಂದದ್ದು ನನಗೆ ಬಲಗಿವಿಗೇ ಕೇಳಿಸಿತು.

ವೆಂಕಟೇಶಪ್ಪನವರು ನನ್ನ ಮೇಜಿಗೆ ಬಂದರು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ, ದೇಹ ತಾನೇ ಸರಿಯಿತು. ಅವರು ಅದನ್ನು ನೋಡಿದರು, ನೋಡಿ ತಾವೇ ಎರಡು ಹೆಜ್ಜೆ ಹಿಂದೆ ನಿಂತರು. ಕೈ ಚಾಚಿ ಒಂದು ಪೀಸು ತೆಗೆದುಕೊಂಡು ತಾವೇ ಅಳೆದರು. "ಮೇಡಂ ಹೇಳ್ದಂಗೇ ಇದೆ. ಟೂಲ್ ಸವೆದೋಗಿದೆ, ನಾನೇ ನೋಡ್ಕೊಂಡಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹೋಗಿ ಟೂಲ್ ಬದಲಿಸಿದರು.

ಆ ಎರಡು ಹೆಜ್ಜೆ ಅಣ್ಣ. ನಮ್ಮ ನೆಂಟರಿಷ್ಟರಲ್ಲಿ ಯಾವ ಗಂಡಸು ಹೆಂಗಸು ಹೆದರಿದಳೆಂದು ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನೀನು ನೋಡಿದ್ದೀಯ? ಒಬ್ಬರ ಹೆಸರು ಹೇಳು. ನಾನೂ ಯೋಚಿಸಿ ನೋಡಿದ್ದೇನೆ, ನನಗೆ ಸಿಗಲಿಲ್ಲ.

ಅದಾಗಿಯೂ ನಾನು ಅವಸರ ಮಾಡಲಿಲ್ಲ. ಒಟ್ಟು ಹದಿನಾಲ್ಕು ತಿಂಗಳು ಸುಮ್ಮನಿದ್ದೆ. ಕೊನೆಗೆ ಒಂದು ಭಾನುವಾರ, ಮದುವೆಯಾಗಿ ಜಾಲಹಳ್ಳಿ ಸೇರಿದ ಯಮುನಾಳ ಮಗನ ಜವಳ ಇತ್ತು. ಕಾರ್ಖಾನೆಯ ಉಳಿದವರ ಜೊತೆ ವೆಂಕಟೇಶಪ್ಪನವರೂ ಬಂದಿದ್ದರು. ಊಟದ ಪಂಕ್ತಿಗೆ ಕಾಯುತ್ತ ನಿಂತಾಗ ನಾನೇ ಕೇಳಿದೆ, "ಅವತ್ತ ಒಂದ್ ಮಾತ ಕೇಳಿದ್ರಲ್ಲ, ಅದು ಇನ್ನೂ ಐತೇನ್ರಿ?" "ಎಲ್ಲೋಗ್ತದೆ ಮೇಡಂ?" ಎಂದರು. ಎಂದವರೇ ಅಲ್ಲಿದ್ದ ನೀರಿನ ಜಗ್ ತೆಗೆದುಕೊಂಡು ಗುರುತಿಲ್ಲದವರಿಗೆಲ್ಲ ನೀರು ಹಾಕತೊಡಗಿದರು. ಅರ್ಧ ನೀರು ನೆಲಕ್ಕೆ. ನಾನು ನಕ್ಕೆ. ಎಷ್ಟು ವರ್ಷದ ಮೇಲೆ ಅಷ್ಟು ಜೋರಾಗಿ ನಕ್ಕೆ ಎಂದರೆ ಯಮುನಾ ಓಡಿ ಬಂದು ನನಗೇನಾಯಿತೋ ಎಂದು ನೋಡಿದಳು.

ಹೀಗೆ ನಾನು ಕೆಟ್ಟದ್ದು. ಈಗ ನಿನ್ನ ಮಗಳು ಕೆಟ್ಟದ್ದು.

ಎರಡು ವರ್ಷದ ಹಿಂದೆ ಪಿಯುಸಿ ಪರೀಕ್ಷೆ ಮುಗಿಸಿ ಶಿವಾನಿ ರಜೆಗೆ ನನ್ನ ಹತ್ತಿರ ಬಂದಿದ್ದಳಲ್ಲ, ಆಗ ಫೋನಿನಲ್ಲಿ ಹಳೆಯ ಕಂತುಗಳನ್ನು ನೋಡಿದೆವು. ಹೌದು, ನಾನೇ ತೋರಿಸಿದೆ. ನಾಯಕ ಎಳೆದಾಡುವುದನ್ನು ಮುಂದಕ್ಕೆ ಓಡಿಸಿ, ದಿವಾಕರ, ಸುಗುಣ ಬರುವ ಭಾಗ ಮಾತ್ರ ಹುಡುಕಿ ಹುಡುಕಿ ನೋಡಿದೆವು. ಅವಳು ಒಂದೇ ಪ್ರಶ್ನೆ ಕೇಳಿದಳು: "ಅತ್ತಿ, ಖರೇನ ಇಂಥಾವ್ರು ಇರ್ತಾರ?" ನಾನು "ಇರ್ತಾರ. ಹುಡುಕೂದು ತ್ರಾಸು. ಆದ್ರ ಪರೀಕ್ಷೆ ಮಾಡೂದು ಭಾಳ ಹಗೂರ. ಒಲ್ಲೆ ಅಂದು ನೋಡು" ಎಂದೆ. ಇಷ್ಟು ನಾನು ಕಲಿಸಿದ ವಿದ್ಯೆ. ಇದಕ್ಕೆ ಶಿಕ್ಷೆಯಿದ್ದರೆ ನನಗೆ ಕೊಡು.

ಅವಳು ಯಾರ ಜೊತೆಗೂ ಓಡಿ ಬಂದಿಲ್ಲ. ನೀನೂ ಕೇಳಿದೆ, ದೊಡ್ಡಪ್ಪನೂ ಕೇಳಿದ, ನೀನು ಕೊಟ್ಟ ದೂರಿನ ಮೇಲೆ ನನ್ನ ಕೋಣೆಗೆ ಬಂದ ಇಬ್ಬರು ಮಹಿಳಾ ಪೊಲೀಸರೂ ಅದನ್ನೇ ಕೇಳಿದರು, ಹುಡುಗ ಯಾರು ಎಂದು. ಹುಡುಗನೇ ಇಲ್ಲ. ಹೆಣ್ಣು ಮನೆ ಬಿಡಲು ಒಬ್ಬ ಹುಡುಗ ಇರಲೇಬೇಕೇ? ಶಿವಾನಿ ಅವರಿಗೆ ತನ್ನ ಅಂಕಪಟ್ಟಿ ತೋರಿಸಿ, ಹತ್ತೊಂಬತ್ತು ತುಂಬಿದೆ, ನನ್ನ ಇಷ್ಟದಿಂದ ಬಂದಿದ್ದೇನೆ ಎಂದು ತನ್ನ ಕೈಯಿಂದಲೇ ಬರೆದುಕೊಟ್ಟಳು. ಅವರಲ್ಲಿ ದೊಡ್ಡವರು ಓದಿ, "ಚೆನ್ನಾಗ್ ಓದಮ್ಮ" ಎಂದು ಹೇಳಿ ಹೋದರು.

ನೀನು ನೋಡಿದ ವರ ಈರೇಶನಿಗೆ ಸಿಮೆಂಟಿನ ಅಂಗಡಿ ಇದೆ, ಮನೆಯಿದೆ, ಚಟವಿಲ್ಲ. ಎಲ್ಲ ಸರಿ. ಹೆಣ್ಣು ನೋಡಲು ಬಂದ ದಿನ ಇಬ್ಬರನ್ನೂ ಹತ್ತು ನಿಮಿಷ ಮಾಳಿಗೆಯ ಮೇಲೆ ಮಾತಾಡಲು ಬಿಟ್ಟಿರಲ್ಲ, ಅಲ್ಲಿ ಏನು ನಡೆಯಿತು ಎಂದು ನೀನು ಕೇಳಿದ್ದೀಯ? ಶಿವಾನಿ ಅವನಿಗೆ, "ನಾ ಡಿಗ್ರಿ ಮುಗಿಸ್ತೀನ್ರಿ. ಈಗ ಮದುವಿ ಒಲ್ಲೆ" ಎಂದಳು. ಅವನು ನಕ್ಕು, "ನಿನ್ನ ಯಾರ ಕೇಳ್ಯಾರ?" ಎಂದ. ಇದನ್ನು ತಮಾಷೆ ಎಂದುಕೊಳ್ಳೋಣ. ಮರುದಿನ ಮುಂಜಾನೆ ಫೋನ್ ಮಾಡಿದ. "ನಿನ್ನೆ ಮಂದಿ ಮನ್ಯಾಗ ಅದೀನಂತ ನಕ್ಕೀನಿ. ಇನ್ನೊಮ್ಮೆ ಒಲ್ಲೆ ಅಂದ್ರ ನಗಂಗಿಲ್ಲ" ಎಂದ.

ಅವಳು ಅದನ್ನು ತಾಯಿಗೆ ಹೇಳಿದಳು. ವೈನಿ ನಿನಗೆ ಹೇಳಿದರು. ನೀನು, "ಗಂಡಸರ ಬಾಯಾಗ ಒಂದ್ ಮಾತ ಬರ್ತೈತಿ ಹೋಗ್ತೈತಿ" ಎಂದು ಶಿವಾನಿಯ ಫೋನ್ ಕಿತ್ತುಕೊಂಡು ಅಂಗಡಿಯ ಕಪಾಟಿನಲ್ಲಿಟ್ಟೆ. ಕಾಲೇಜು ಬಿಡಿಸಿದೆ.

ನನ್ನ ಕಿವಿಗೆ ಹೊಡೆದ ಕೈ ಇದೇ ಥರದ ಮಾತಿನಿಂದ ಶುರುವಾದದ್ದು. ಆ ಮಾತು ಬಂದು ಹೋಗಲಿಲ್ಲ. ಬಂದು ಉಳಿಯಿತು.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ವೈನಿಯನ್ನೇ ಕೇಳಿದೆ. ಬರಿ ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಶಿವಾನಿ ಕದ್ದು ಓಡಿ ಬಂದಿಲ್ಲ. ಅವಳ ಚೀಲದಲ್ಲಿ ಬಟ್ಟೆ, ಅಂಕಪಟ್ಟಿ, ಆಧಾರ್ ಕಾರ್ಡು ಜೋಡಿಸಿಟ್ಟವರು ವೈನಿ. ಬೆಳಗ್ಗೆ ನೀನು ಸ್ನಾನಕ್ಕೆ ಹೋದಾಗ ಮಗಳನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ದು, ಕಿಟಕಿಯ ಪಕ್ಕ ಕೂಡಿಸಿ, ಕಂಡಕ್ಟರನಿಗೆ ಹೇಳಿ, ಬಸ್ಸು ಹೊರಡುವವರೆಗೆ ನಿಂತು, ಮನೆಗೆ ಬಂದು ನಿನಗೆ ಉಪ್ಪಿಟ್ಟು ಬಡಿಸಿದವರೂ ಅವರೇ. "ಚನ್ನಬಸಮ್ಮ ಕಳಿಸ್ಯಾಳ ಅಂತ ನನ್ನ ಹೆಸರ ಹಾಕಿ ಬರಿ. ಇಪ್ಪತ್ತೆರಡು ವರ್ಷ ಹೂಂ ಅಂದೀನಿ. ಮಗಳ ಸಲುವಾಗಿ ಒಂದ್ ಸಲ ಒಲ್ಲೆ ಅಂದ್ರ ನಿಮ್ಮಣ್ಣ ಏನ್ ಮಾಡ್ತಾರ ನೋಡೇಬಿಡ್ತೀನಿ" ಎಂದರು ನನಗೆ.

ನೀನು ಅಂಗಡಿಯಲ್ಲಿ ಈ ಸಾಲು ಓದುವಾಗ ವೈನಿ ಬಹುಶಃ ನಿನ್ನ ಊಟದ ಡಬ್ಬಿ ಕಟ್ಟುತ್ತಿರುತ್ತಾರೆ. ಸಂಜೆ ನೀನು ಮನೆಗೆ ಹೋಗುತ್ತೀಯ. ನಾನು ಇಲ್ಲಿಂದ ನಿನ್ನ ಕೈ ಹಿಡಿಯಲಾರೆ. ಆದರೆ ಒಂದು ಮಾತು. ನೀನು ನನ್ನ ಕಿವಿಗೆ ಹೊಡೆದ ಆ ಗಂಡಸಿನ ಹಾಗಲ್ಲ ಎಂದು ನಾನು ನಂಬಿದ್ದೇನೆ. ವೈನಿಯೂ ನಂಬಿದ್ದಾರೆ, ಇಲ್ಲದಿದ್ದರೆ ಹೆಸರು ಹಾಕು ಎನ್ನುತ್ತಿರಲಿಲ್ಲ. ಆ ನಂಬಿಕೆಯನ್ನು ಸುಳ್ಳು ಮಾಡಿದೆಯೋ, ನಾನೇ ಬಂದು ವೈನಿಯನ್ನೂ ಕರೆದುಕೊಂಡು ಬರುತ್ತೇನೆ. ಇದು ಒಂಬತ್ತು ವರ್ಷದ ಹಿಂದಿನ ಗಂಗವ್ವ ಅಲ್ಲ, ತಿಳಿದಿರಲಿ. ಈ ಗಂಗವ್ವ ಒಬ್ಬಳೇ ಕೋರ್ಟಿಗೆ ಅಲೆದು, ನೀನು ಬರದೆ ಇದ್ದರೂ, ಗಂಡನಿಂದ ಬಿಡುಗಡೆ ಪತ್ರ ತೆಗೆದುಕೊಂಡವಳು.

ಮುಂದಿನದು ಹೀಗೆ. ಬರುವ ತಿಂಗಳು ಶಿವಾನಿಗೆ ಪರೀಕ್ಷೆ. ಅವಳ ಕಾಲೇಜಿನ ಪ್ರಿನ್ಸಿಪಾಲರ ಜೊತೆ ಮಾತಾಡಿದ್ದೇನೆ. ಕಾಲೇಜಿರುವ ಇಳಕಲ್ಲಿನಲ್ಲೇ ಹಾಸ್ಟೆಲಿನಲ್ಲಿ ಇದ್ದು ಪರೀಕ್ಷೆ ಬರೆಯುತ್ತಾಳೆ, ನಾನು ರಜೆ ಹಾಕಿ ಜೊತೆಗೆ ಬರುತ್ತೇನೆ. ನೀನು ನೋಡಲು ಬರಬಹುದು, ಒಬ್ಬನೇ ಬಾ. ದೊಡ್ಡಪ್ಪ, ಈರೇಶ, ಊರ ಹಿರಿಯರು ಎಂದು ಜೀಪು ತುಂಬಿಸಿಕೊಂಡು ಗೇಟಿಗೆ ಬಂದರೆ ಅವತ್ತು ನಿನಗೆ ಮಗಳೂ ಇಲ್ಲ, ತಂಗಿಯೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ಎಲ್ಲಿ ಇರಬೇಕೆಂದು ಅವಳೇ ಹೇಳುತ್ತಾಳೆ. ಊರಿಗೆ ಹೋಗುತ್ತೇನೆ ಎಂದರೆ ನಾನು ತಡೆಯುವುದಿಲ್ಲ. ಅವಳು ನನಗೂ ಒಲ್ಲೆ ಎನ್ನಬಹುದು. ಮೊನ್ನೆ ನಾನು ಮಾಡಿದ ಹಾಗಲಕಾಯಿ ಪಲ್ಲೆಗೆ ಅಂದೇ ಬಿಟ್ಟಳು. ನನಗೆ ಖುಷಿಯಾಯಿತು.

ಕೊನೆಯದಾಗಿ ನನ್ನ ಸುದ್ದಿ. ನಾನು, ವೆಂಕಟೇಶಪ್ಪನವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇವೆ. ಮೂವತ್ತು ದಿನದ ನೋಟಿಸು ಇನ್ನೆರಡು ವಾರದಲ್ಲಿ ಮುಗಿಯುತ್ತದೆ. ಹದಿನೆಂಟನೆಯ ತಾರೀಕು ಶುಕ್ರವಾರ, ಬೆಳಗ್ಗೆ ಹನ್ನೊಂದಕ್ಕೆ ಬರಲು ಹೇಳಿದ್ದಾರೆ. ಮಂಟಪವಿಲ್ಲ, ಓಲಗವಿಲ್ಲ. ಮಧ್ಯಾಹ್ನ ಯಮುನಾಳ ಮನೆಯಲ್ಲಿ ಊಟ. ನಿನ್ನ ಒಪ್ಪಿಗೆ ಕೇಳಲು ಇದನ್ನು ಬರೆದಿಲ್ಲ, ಒಪ್ಪಿಗೆ ಕೇಳುವ ವಯಸ್ಸು ನನಗೆ ದಾಟಿದೆ. ನನ್ನನ್ನು ಹೆಗಲ ಮೇಲೆ ಹೊತ್ತವನಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದೆಂದು ಬರೆದೆ.

ಅಲ್ಲಿ ಮೂರು ಜನ ಸಾಕ್ಷಿ ಹಾಕಬೇಕಂತೆ. ಅವರ ಕಡೆಯಿಂದ ಒಬ್ಬರು, ಯಮುನಾ ಒಬ್ಬಳು. ಮೂರನೆಯ ಜಾಗ ನಿನಗೆಂದು ಇಟ್ಟಿದ್ದೇನೆ. ನೀನು ಬಂದರೆ ಅಲ್ಲಿ ನನ್ನ ಅಣ್ಣನ ಸಹಿ ಇರುತ್ತದೆ. ಹನ್ನೊಂದು ಗಂಟೆಯವರೆಗೆ ಬಾಗಿಲ ಕಡೆ ನೋಡುತ್ತೇನೆ, ಹನ್ನೊಂದಾದ ಮೇಲೆ ನೋಡುವುದಿಲ್ಲ. ನೀನು ಬರದಿದ್ದರೆ ಶಿವಾನಿ ಸಹಿ ಹಾಕುತ್ತಾಳೆ. ಕಚೇರಿಯಲ್ಲಿ ವಿಚಾರಿಸಿದ್ದೇನೆ, ಅವಳ ಸಹಿ ನಡೆಯುತ್ತದೆ.

ನಿನ್ನ ಅಂಗಡಿ ಚೆನ್ನಾಗಿ ನಡೆಯಲಿ, ನಿನ್ನ ಮೊಣಕಾಲು ನೋವು ಇಳಿಯಲಿ, ವೈನಿಯ ಕೈಯ ಊಟ ನಿನಗೆ ನೂರು ವರ್ಷ ಸಿಗಲಿ. ಗುರು ಬಸವಣ್ಣ ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ನನಗೆ ಕೊಟ್ಟ ಧೈರ್ಯವನ್ನು ಹಿಂದಕ್ಕೆ ತೆಗೆದುಕೊಳ್ಳದಿರಲಿ.

ನಿನ್ನ ಮಾತು ಮೀರಿದ, ನಿನ್ನನ್ನು ಮರೆಯದ ತಂಗಿ,
ಶಿವಗಂಗಾ